ಏಳು ಒಂದುಗಳ ಮಾಸ್ತರು

ಖಾನಾಪುರದ ಸಾಲಿಯಲ್ಲಿ ಭೂಪಾಲ ಮಾಸ್ತರ ಹೆಸರು ನಡೆದದ್ದು ಒಂದೇ ಒಂದು ಸಂಖ್ಯೆಯ ಮೇಲೆ. ಹಲಗೆಯ ಮೇಲೆ ಏಳು ಒಂದುಗಳನ್ನು ಸಾಲಾಗಿ ಬರೆಯುವರು: ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು. "ಇದು ಅವಿಭಾಜ್ಯ ಐತಿ. ಯಾವ ಮಗ್ಗಿಯಾಗೂ ಸಿಗೂದಿಲ್ಲ," ಎಂದು ಮೀಸೆ ತಿರುವುವರು. ತಪಾಸಣೆಗೆ ಬಂದ ಸಾಹೇಬರೂ ತಲೆದೂಗಿ ಹೋಗಿದ್ದರು. ಪಾಪ, ಮಾಸ್ತರಿಗೆ ಬಾಯಿಪಾಠವಿದ್ದದ್ದು ಮೂವತ್ತರ ಮಗ್ಗಿಯ ತನಕ. ಅದರೊಳಗೆ ಸಿಗದ್ದು ಮುಂದೆಲ್ಲಿ ಸಿಕ್ಕೀತು ಎಂದು ನಂಬಿ ಕೂತಿದ್ದರು.

ಸಾವಿರದ ಒಂಬೈನೂರಾ ಇಪ್ಪತ್ತೊಂದರಲ್ಲಿ ಸೋನಾಬಾಯಿ ಅವರ ಬಳಿ ಬಂದಳು. ಇಪ್ಪತ್ನಾಲ್ಕರ ಹೆಣ್ಣುಮಗಳು. ಗಂಡ ಊರಿಗೂರೇ ಜ್ವರ ಬಡಿದ ವರ್ಷ ತೀರಿಹೋಗಿ, ಅಣ್ಣನ ಮನೆಯಲ್ಲಿ ದುಡಿದು ಉಣ್ಣುತ್ತಿದ್ದಳು. ಬೆಳಗಾವಿಗೆ ಹೋಗಿ ಮಾಸ್ತರಿಕೆ ಕಲಿಯುವ ಆಸೆ. ಅದಕ್ಕೆ ಊರ ಮಾಸ್ತರ ಶಿಫಾರಸು ಚೀಟಿ ಬೇಕಾಗಿತ್ತು.

"ನನ್ನ ಏಳು ಒಂದನ್ನ ಒಡದು ತಾ ತಂಗಿ, ಬರದು ಕೊಡ್ತೇನಿ," ಎಂದು ಮಾಸ್ತರು ಚೇಷ್ಟೆ ಮಾಡಿದರು.

ಇಪ್ಪತ್ತು ದಿನಕ್ಕೆ ಆಕೆ ಪಾಟಿ ಹಿಡಿದು ಬಂದಳು. ಇನ್ನೂರಾ ಮೂವತ್ತೊಂಬತ್ತನ್ನು ನಾಲ್ಕು ಸಾವಿರದ ಆರುನೂರಾ ನಲವತ್ತೊಂಬತ್ತರಿಂದ ಗುಣಿಸಿದ್ದಳು. ಒಂಬತ್ತೊಂಬತ್ತಲೇ ಎಂಬತ್ತೊಂದು, ಕೊನೆಗೆ ಒಂದೇ ಬರುತ್ತದೆ ಎಂಬಷ್ಟು ಮಾಸ್ತರ ಕಣ್ಣಿಗೆ ಬಿತ್ತು. ಪಕ್ಕದಲ್ಲೇ ಸಾಲಿಯ ಉಳಿದ ಮಾಸ್ತರರು ಕುಳಿತಿದ್ದರು. ಭೂಪಾಲ ಮಾಸ್ತರು ಮುಂದಿನದನ್ನು ನೋಡಲೇ ಇಲ್ಲ. ಧೋತರದ ಸೆರಗಿನಿಂದ ಪಾಟಿ ಒರೆಸಿ, "ತಪ್ಪೈತಿ, ಹೋಗು," ಅಂದುಬಿಟ್ಟರು. ಇಂಥ ಹಮ್ಮಿಗೆ ಏನನ್ನಬೇಕು!

ಆಮೇಲೆ ಬೆಳಗಾವಿಗೆ ವರ್ಗವಾಗಿ, ರವಿವಾರ ಪೇಟೆಯ ಹಿಂದೆ ಮನೆ ಹಿಡಿದರು. ಅಲ್ಲಿನ ಸಾಲಿಯಲ್ಲೂ ಅದೇ ಸಂಖ್ಯೆ, ಅದೇ ಮೀಸೆ. ಬಸಲಿಂಗಪ್ಪನೆಂಬ ಹೊಸ ಮಾಸ್ತರ ಮಾತ್ರ, "ಎಲ್ಲೀತನಕ ಭಾಗಿಸಿ ನೋಡೀರಿ?" ಎಂದು ಕೇಳಿದ.

"ಮೂವತ್ತರ ತನಕ."

"ಅದರ ವರ್ಗಮೂಲ ಸಾವಿರದ ಐವತ್ತರ ಮ್ಯಾಲ ಐತಿ, ಅಲ್ಲೀತನಕ ನೋಡಬೇಕಲ್ರಿ."

ಮಾಸ್ತರು ಮನೆಗೆ ಬಂದು ಪಾಟಿ ಹಿಡಿದರು. ಮೂವತ್ತೊಂದರಿಂದ ಹಿಡಿದು ಒಂದೊಂದಾಗಿ ಭಾಗಿಸಬೇಕಾಗಿರಲಿಲ್ಲ. ಎಂಟು ವರ್ಷ ಮರೆಯಲು ನೋಡಿದ ಆ ಎರಡು ಸಂಖ್ಯೆಗಳು ನಾಲಿಗೆಯ ತುದಿಯಲ್ಲೇ ಇದ್ದವು. ಗುಣಿಸಿದರು. ಏಳು ಒಂದುಗಳೂ ಬಂದವು. ಮರುದಿನ ಚೀಟಿ ಬರೆದುಕೊಂಡು ಖಾನಾಪುರದ ರೈಲು ಹತ್ತಿದರು.

ಸೋನಾಬಾಯಿ ಅಣ್ಣನ ಮನೆಯ ಪಡಸಾಲೆಯಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದಳು. "ಬರ್ರಿ ಮಾಸ್ತರ, ಕುಂದರ್ರಿ," ಎಂದು ಚಾಪೆ ಹಾಸಿದಳು.

ಮಾಸ್ತರು ನಿಂತೇ ಹೇಳಿದರು: "ತಂಗಿ, ನಿನ್ನ ಲೆಕ್ಕ ಖರೇ ಇತ್ತು. ತಪ್ಪು ನಂದು."

"ಖರೇ ಅಂತ ನನಗ ಅವತ್ತ ಗೊತ್ತಿತ್ತಲ್ರಿ," ಅಂದಳು. "ನನಗ ಬೇಕಾಗಿದ್ದು ಚೀಟಿ."

ಅವರು ಚೀಟಿ ಕೊಟ್ಟರು. ಕೈ ಒರೆಸಿಕೊಂಡು, ಮೊದಲಿನಿಂದ ಕೊನೆಯವರೆಗೆ ನಿಧಾನ ಓದಿದಳು.

"ಚಲೋ ಬರದೀರಿ. ಇಪ್ಪತ್ತೈದು ದಾಟಿದವರನ್ನ ಬೆಳಗಾವ್ಯಾಗ ಮಾಸ್ತರಿಕೆ ಕಲಿಯಾಕ ತಗೋಳೂದಿಲ್ರಿ ಮಾಸ್ತರ. ನನಗೀಗ ಮೂವತ್ತೆರಡು."

ಚೀಟಿಯನ್ನು ಮಡಚಿ ಅವರ ಕೈಗೇ ಕೊಟ್ಟು, ಹಿಟ್ಟು ಒಣಗುತ್ತದೆಂದು ಮತ್ತೆ ಹೊಸೆಯಲು ಕುಳಿತಳು.