ಅಕ್ಕನಿಂದ ಬಂದ ಜ್ವರ

"ನೀವು ಊರಿನಲ್ಲಿದ್ದಾಗ ಮನೆಯಲ್ಲಿ ಬೇರೆ ಯಾರಿಗಾದರೂ ಡೆಂಗಿ ಆಗಿತ್ತೇ?"

ಫೋನಿನಲ್ಲಿ ಕೇಳಿದವರು ಇಲ್ಲಿನ, ಅಂದರೆ ಜರ್ಮನಿಯ ಕಾರ್ಲ್ಸ್‌ರುಹೆಯ ಆರೋಗ್ಯ ಇಲಾಖೆಯ ಮಹಿಳೆ. ಯಾರ ರಕ್ತದಲ್ಲಿ ಡೆಂಗಿ ಕಂಡರೂ ಲ್ಯಾಬಿನವರು ಇಲಾಖೆಗೆ ತಿಳಿಸಬೇಕಂತೆ; ಊರಿನಿಂದ ಮರಳಿದ ಮೇಲೆ ನನ್ನ ರಕ್ತದಲ್ಲಿ ಅದು ಕಂಡಿತ್ತು.

"ಅಕ್ಕನಿಗೆ ಆಗಿತ್ತು" ಎಂದೆ. ಈಗ ಹೇಗಿದ್ದಾರೆ ಎಂದು ಕೇಳಿದರು. ನಾನು ಉಡುಪಿಗೆ ಹೋದದ್ದೇ ಅವಳ ಉತ್ತರಕ್ರಿಯೆಗೆ ಎಂದು ಹೇಳುವಷ್ಟು ಜರ್ಮನ್ ನನಗೆ ಬರುವುದಿಲ್ಲ. ತೀರಿಕೊಂಡಳು ಎಂದಷ್ಟೇ ಹೇಳಿದೆ. ಆಕೆ ಸಂತಾಪ ಹೇಳಿ, ಅಕ್ಕನನ್ನು ಕಚ್ಚಿದ ಸೊಳ್ಳೆಯೇ ನಿಮ್ಮನ್ನೂ ಕಚ್ಚಿರಬಹುದು ಎಂದರು. ಹೌದು, ನಾನು ಮಲಗುತ್ತಿದ್ದದ್ದು ಅಕ್ಕನ ಕೋಣೆಯಲ್ಲೇ.

ಡೆಂಗಿ ಹರಡುವ ಸೊಳ್ಳೆ ಈಗ ಇಲ್ಲಿಯೂ ಇದೆಯಂತೆ. ಅದು ನನ್ನನ್ನು ಕಚ್ಚಿದರೆ ನೆರೆಯವರಿಗೂ ರೋಗ ಹೋದೀತು, ಆದ್ದರಿಂದ ಜ್ವರ ಬಿಡುವವರೆಗೆ ಹೊರಗೆ ಕೂರಬೇಡಿ ಎಂದರು. "ಇದು ನಿಮ್ಮಲ್ಲೇ ನಿಲ್ಲಬೇಕು."

ಗಂಡ ಬಾಲ್ಕನಿಯ ಬಾಗಿಲು ಹಾಕಿ, "ಅದು ರೂಟೀನ್ ಕಾಲ್ ಮಾರಾಯ್ತಿ, ಎಲ್ರಿಗೂ ಕೇಳ್ತಾರೆ. ನೀನು ಮಲಗು" ಎಂದರು. ಆ ಸೆಖೆಯಲ್ಲಿ ಮೈಕೈ ನೋವಿಗೆ ಹೊರಳಾಡುತ್ತಿದ್ದಾಗ, ಅಕ್ಕನೂ ಇಷ್ಟೇ ನೋವು ತಿಂದಿರಬೇಕು ಅನ್ನಿಸಿತು. ಅವಳು ಫೋನಿನಲ್ಲಿ ನನಗೆ ಹೇಳಿದ್ದು ಸ್ವಲ್ಪ ಜ್ವರ ಎಂದು ಮಾತ್ರ.

ವಾರದಲ್ಲಿ ಜ್ವರ ಬಿಟ್ಟಿತು, ಯಾರಿಗೂ ಹರಡಲಿಲ್ಲ. ಸದ್ಯ, ಇಷ್ಟಕ್ಕೇ ಮುಗಿಯಿತಲ್ಲ ಎಂದು ಗಂಡ ನಿಟ್ಟುಸಿರುಬಿಟ್ಟರು. ನನಗೆ ಮಾತ್ರ, ಅಕ್ಕನದು ಅಂತ ನನ್ನ ಬಳಿ ಉಳಿದಿದ್ದ ಕೊನೆಯದೂ ಹೋಯಿತು ಅನ್ನಿಸಿತು.