ಹಲಗೆಯ ಮೇಲಿನ ಧಾರಣೆ

ಮೊಬೈಲು ಬಂದ ಮೇಲೆ ದೇಶದ ಪೇಟೆಗಳೆಲ್ಲ ಒಂದಾದವು, ಎಲ್ಲಿಯ ಧಾರಣೆ ಎಲ್ಲಿಗೂ ಕ್ಷಣದಲ್ಲಿ ಮುಟ್ಟುತ್ತದೆ ಎಂದು ಯಾರಾದರೂ ಭಾಷಣ ಬಿಗಿದರೆ ನನಗೆ ಹೇಸಿಗೆಯಾಗುತ್ತದೆ. ಮುಟ್ಟುತ್ತದೆ, ಸುಳ್ಳಲ್ಲ. ಅದು ಯಾರಿಗೆ ಮುಟ್ಟುತ್ತದೆ, ಅಲ್ಲಿಂದ ಮುಂದೆ ಹೋಗುತ್ತದೋ ಇಲ್ಲವೋ ಎನ್ನುವುದನ್ನು ನನ್ನಂಥವನನ್ನು ಕೇಳಬೇಕು. ಕೊಟ್ಟೂರಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಹನ್ನೊಂದು ವರ್ಷ ಗುಮಾಸ್ತನಾಗಿದ್ದೆ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಮೆಕ್ಕೆಜೋಳದ ಧಾರಣೆ ಬರೆಯುವುದು ನನ್ನ ಕೆಲಸ. ಅಂಕಿ ದುಂಡಗೆ ಬರೆಯುತ್ತೇನೆಂದು ಸಾಹುಕಾರರು ಆ ಕೆಲಸವನ್ನು ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಕೊನೆಗೆ ನಾನು ಬಿಟ್ಟದ್ದು ಬೆನ್ನುನೋವಿಗೆ, ನಾಚಿಕೆಯಿಂದಲ್ಲ.

ಸಾಹುಕಾರರ ಫೋನಿನಲ್ಲಿ ವ್ಯಾಪಾರಿಗಳದೇ ಒಂದು ವಾಟ್ಸ್ಆ್ಯಪ್ ಗುಂಪಿತ್ತು. ದಾವಣಗೆರೆಯ ಪೇಟೆ, ತಮಿಳುನಾಡಿನ ಕೋಳಿ ಆಹಾರದ ಕಾರ್ಖಾನೆ, ಒಮ್ಮೊಮ್ಮೆ ಅಮೆರಿಕದ ಬೆಳೆಯ ಸುದ್ದಿ, ಎಲ್ಲ ಅದರಲ್ಲೇ ಬರುತ್ತಿತ್ತು. ಧಾರಣೆ ಇಳಿಯಿತೆನ್ನಿ, ಸಾಹುಕಾರರು ಊಟದ ತಟ್ಟೆಯ ಮುಂದಿನಿಂದಲೇ ಕೂಗುತ್ತಿದ್ದರು. ಅವರ ತುತ್ತು ಗಂಟಲಿಳಿಯುವಷ್ಟರಲ್ಲಿ ನಾನು ಹಲಗೆ ಒರೆಸಿ ಹೊಸದನ್ನು ಬರೆದಿರಬೇಕು. ಏರಿತೆನ್ನಿ, ಅದು ಇನ್ನೂ ಪಕ್ಕಾ ಆಗಿಲ್ಲ, ತಡಿ ಎನ್ನುತ್ತಿದ್ದರು. ಅಂಗಳದಲ್ಲಿ ನಿಂತ ಗಾಡಿಗಳ ಮಾಲೆಲ್ಲ ತೂಕವಾಗಿ ಗೋದಾಮು ಸೇರಿದ ಮೇಲೆಯೇ ಅದು ಪಕ್ಕಾ ಆಗುತ್ತಿತ್ತು. ಇದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ, ತಡೆದು ಬರೆಯುವುದು ಎನ್ನುತ್ತಿದ್ದರು. ನಾನೂ ಹಾಗೇ ಎನ್ನುತ್ತಿದ್ದೆ. ಥೂ.

ನನ್ನ ಅಕ್ಕನನ್ನು ಹಂಪಸಾಗರದ ಕಡೆ ಕೊಟ್ಟಿತ್ತು. ಅವರಿಗೆ ಹಗರಿಬೊಮ್ಮನಹಳ್ಳಿಯ ಪೇಟೆಯೇ ಹತ್ತಿರ. ಆದರೂ ಒಂದು ವರ್ಷ ಅವಳು ತನ್ನ ಓಣಿಯ ನಾಲ್ಕು ಮನೆಯವರನ್ನು ಒಪ್ಪಿಸಿ, ಎಲ್ಲರ ಮೆಕ್ಕೆಜೋಳವನ್ನೂ ಒಂದೇ ಲಾರಿಗೆ ಹೇರಿಸಿ ಕೊಟ್ಟೂರಿಗೆ ತಂದಳು. ಅಲ್ಲಿ ತಮ್ಮ ಇದ್ದಾನೆ, ಮೋಸವಾಗುವುದಿಲ್ಲ ಎನ್ನುವುದು ಅವಳ ಒಂದೇ ಮಾತು.

ಅವರು ಬಂದು ಮುಟ್ಟುವ ಹೊತ್ತಿಗೆ ಧಾರಣೆ ಏರಿತ್ತು. ಕ್ವಿಂಟಲಿಗೆ ನೂರಾ ನಲವತ್ತು ರೂಪಾಯಿ ಹೆಚ್ಚು. ಸಾಹುಕಾರರು ಫೋನು ನೋಡಿ ನನ್ನ ಕಡೆ ಸುಮ್ಮನೆ ಕೈ ಅಡ್ಡ ಆಡಿಸಿದರು. ನಾನು ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿದೆ. ಅಕ್ಕ ಹಲಗೆ ನೋಡಿದಳು, ನನ್ನನ್ನು ನೋಡಿದಳು.

"ಇವತ್ತಿಂದು ಇದಾ ಏನಪಾ ರೇಟು?"

"ಬರದೈತಲ್ಲಕ್ಕ," ಎಂದೆ.

ಹೌದು ಎಂದು ಬಾಯಿಬಿಟ್ಟು ಹೇಳುವಷ್ಟು ಧೈರ್ಯವೂ ಇರಲಿಲ್ಲ, ಹಲಗೆಯ ಮೇಲೆ ಹಾಕಿ ಕೈತೊಳೆದುಕೊಂಡೆ. ಅವಳು ಲಾರಿಯ ಹತ್ತಿರ ಹೋಗಿ ತನ್ನವರ ಜೊತೆ ಏನೋ ಜೋರಾಗಿ ಮಾತಾಡಿ ಬಂದಳು. ಹಮಾಲರು ಚೀಲ ಇಳಿಸಿದರು. ತೂಕ ಮುಗಿಯುವವರೆಗೆ ನಾನು ಎಲ್ಲರಿಗೂ ಎರಡು ಸಲ ಚಹಾ ತರಿಸಿಕೊಟ್ಟೆ. ಲಾರಿ ಊರು ದಾಟಿದ ಮೇಲೆ ಹಲಗೆ ಒರೆಸಿ ಹೊಸ ಧಾರಣೆ ಬರೆದೆ. ಅಂಕಿಗಳು ದುಂಡಗೇ ಬಂದವು.

ಮುಂದಿನ ವಾರ ಅಕ್ಕ ಊಟಕ್ಕೆ ಕರೆದಳು. ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದೆ. ಪದವಿ ಓದುತ್ತಿದ್ದ ಅವಳ ಮಗಳು ತಲೆ ಎತ್ತದೆ ರೊಟ್ಟಿ ಬಡಿಸುತ್ತಿದ್ದಳು. ಅಕ್ಕ ಅವಳನ್ನು ತೋರಿಸಿ ನಗುತ್ತ ದೂರು ಹೇಳಿದಳು.

"ಅವತ್ತು ಈಕಿ ಫೋನ್ ಮಾಡಿ, ಮೊಬೈಲ್‌ನ್ಯಾಗ ರೇಟು ಏರೈತಿ ಅಂದ್ಲು. ಮಂದಿ ಚೀಲ ಇಳಿಸಾಕ ಬಿಡವಲ್ರು. ಅದು ಸುಳ್ಳು ತೋರಿಸಿರತೈತಿ, ಅಲ್ಲಿ ಬರದಿರಾದು ನನ್ನ ತಮ್ಮನ ಕೈಯಾಗಿಂದು ಅಂತ ನಾನ ಬೈದು ಇಳಿಸಿದೆ."

ಲಾರಿಯ ಹತ್ತಿರ ಅವಳು ಜೋರಾಗಿ ಆಡಿದ್ದು ಆ ಮಾತು. ನಾಲ್ಕು ಮನೆಯವರು ಸೋತದ್ದು ನನ್ನ ಅಕ್ಕನ ಬಾಯಿಂದ. ಆಗ ಹುಡುಗಿ ತಲೆ ಎತ್ತಿ ನೇರವಾಗಿ ಕೇಳಿದಳು.

"ಮೊಬೈಲ್ ತಪ್ಪು ತೋರಿಸಿತ್ತೇನು ಮಾಮಾ?"

ಸಾಹುಕಾರರು ಅಲ್ಲಿರಲಿಲ್ಲ. ತಡೆಯುವವರು ಯಾರೂ ಇರಲಿಲ್ಲ. ಹೂಂ, ಒಮ್ಮೊಮ್ಮೆ ಹಾಗಾಗುತ್ತದೆ ಎಂದೆ.

ಕೇಳಿದಿಯಾ ಎಂದು ಅಕ್ಕ ಮಗಳ ತಲೆಗೆ ಮೊಟಕಿ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಆ ಹುಡುಗಿ ಅಂದಿನಿಂದ ನನ್ನನ್ನು ಮಾಮಾ ಎಂದು ಕರೆದಿಲ್ಲ.