ದೊಡ್ಡಮ್ಮನ ಅಕ್ಷರಗಳನ್ನು ಈಚೆ ತಂದದ್ದು

ಮೂಡಬಿದಿರೆಯ ಪ್ರೆಸ್ಸು ಮುಚ್ಚುವಾಗ ಮಾಲಕರು ದೊಡ್ಡಮ್ಮನಿಗೆ ವರ್ಕ್‌ಸ್ಟೇಷನ್ ಎನ್ನುವ ಒಂದು ಹಳೆಯ ದೊಡ್ಡ ಕಂಪ್ಯೂಟರ್ ಕೊಟ್ಟರು. ಅಲ್ಲಿ ಕೆಲಸದಲ್ಲಿದ್ದಾಗ ಅವರು ವರ್ಷಗಟ್ಟಲೆ ಕೂತು ಅಚ್ಚಿಗೆಂದು ಬಿಡಿಸಿದ ಕನ್ನಡ ಅಕ್ಷರಗಳೆಲ್ಲ ಅದರ ಡಿಸ್ಕಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಆ ಡಿಸ್ಕಿನಲ್ಲೋ, ತೆಂಗಿನಕಾಯಿ ತುರಿದ ಹಾಗೆ ಕರಕರ ಸದ್ದು. ಹೇಗೋ ಒಮ್ಮೆ ಎದ್ದಿತ್ತು, ಆಫ್ ಮಾಡಿದರೆ ಮತ್ತೆ ಏಳುವುದು ಸುಳ್ಳು.

ಕಳಚಿ ಬೇರೆ ಕಂಪ್ಯೂಟರಿಗೆ ಹಾಕುವ ಅಂದರೆ ಅದರ ಪಿನ್ನು ಈಗಿನ ಯಾವುದಕ್ಕೂ ಹೊಂದುವುದಿಲ್ಲ. ನನ್ನ ಲ್ಯಾಪ್‌ಟಾಪಿನಿಂದ ಸೀರಿಯಲ್ ವೈರಿನಲ್ಲಿ ಅದಕ್ಕೆ ಲಿನಕ್ಸ್ ಎಂಬ ಸಿಸ್ಟಮ್ ಹತ್ತಿಸಿದ್ದೆ. ಆದರೆ ಆ ವೈರಿನ ಆಮೆ ನಡಿಗೆಗೆ ಅಕ್ಷರಗಳು ಈಚೆ ಬರುವವರೆಗೆ ಡಿಸ್ಕ್ ಬದುಕುವ ಹಾಗಿರಲಿಲ್ಲ. ಉಳಿದದ್ದು ನೆಟ್‌ವರ್ಕ್ ಕಾರ್ಡು. ಅದನ್ನು ನಡೆಸುವ ಪ್ರೋಗ್ರಾಮು, ಅಂದರೆ ಡ್ರೈವರು, ಲಿನಕ್ಸಿನಲ್ಲಿ ಇಲ್ಲವೇ ಇಲ್ಲ. ಬಂಟ್ವಾಳದ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಕೂತು ನಾನೇ ಬರೆದೆ. ಕಾರ್ಡಿನಿಂದ ಒಳಗಿನ ಕೋಣೆಯ ಮೋಡೆಮಿಗೆ ವೈರು ಎಳೆದು, ಅದರ ಮೂಲಕ ಲ್ಯಾಪ್‌ಟಾಪಿಗೆ ದಾರಿ ಮಾಡಿದೆ.

ಮಧ್ಯಾಹ್ನ ಮೊದಲ ಡೇಟಾ ಪ್ಯಾಕೆಟ್ ಕಾರ್ಡಿನಿಂದ ಹೊರಟಿತು. ಲ್ಯಾಪ್‌ಟಾಪಿನಿಂದ ಉತ್ತರವಿಲ್ಲ. ಬೈಟುಗಳ ಸಾಲನ್ನು ಹಿಂದುಮುಂದು ಮಾಡಿ ನೋಡಿದೆ. ಸರಿಯಿದ್ದದ್ದನ್ನೂ ಅಳಿಸಿ ಮತ್ತೆ ಬರೆದೆ. ಎದ್ದೆ, ಕೂತೆ, ಅಂಗಳಕ್ಕೆ ಹೋಗಿ ಬಂದೆ. ಎಂಥ ಕರ್ಮ! ಕರಕರ ಸದ್ದು ಒಂದು ಕ್ಷಣ ತಡೆದರೂ ಡಿಸ್ಕಿನತ್ತ ಕಿವಿಯಿಟ್ಟು ನಿಲ್ಲುತ್ತಿದ್ದೆ. ಕಾರ್ಡಿನ ಹಿಂದೆ ಸಂಪರ್ಕ ತೋರಿಸುವ ಲೈಟೂ ಇಲ್ಲ, ಏನೆಂದು ತಿಳಿಯುವುದು? ಕೊನೆಗೆ ಒಳಗಿನ ಕೋಣೆಯ ಮೋಡೆಮ್ ನೋಡಲು ಹೋದರೆ ನನ್ನ ವೈರು ನೆಲದ ಮೇಲೆ ಬಿದ್ದಿದೆ!

“ದೊಡ್ಡಮ್ಮಾ, ಇದನ್ನು ಯಾರು ತೆಗೆದದ್ದು?”

“ನಾನೇ. ಆಗ ಗುಡುಗಿತಲ್ಲ? ಮಿಷಿನು ಮುಟ್ಟಬೇಡಿ ಅಂತ ನೀನು ಹೇಳಿದ್ದಲ್ಲ, ಅದಕ್ಕೆ ವೈರು ಮಾತ್ರ ತೆಗೆದೆ. ಸಿಡಿಲು ಬಡಿದು ಹೊತ್ತಿ ಹೋದ್ರೆ ಎಂತ ಮಾಡುದು ಮಾರಾಯ?”

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ! ನಮ್ಮ ಕಡೆ ಮೊದಲ ಗುಡುಗಿಗೇ ವೈರು, ಪ್ಲಗ್ಗು ಕೀಳದ ಮನೆಯಿಲ್ಲ. ಬೆಳ್ತಂಗಡಿಯ ನಮ್ಮ ಮನೆಯಲ್ಲಿ ನಾನೂ ಹಾಗೆ ಮಾಡಿಯೇ ದೊಡ್ಡವನಾದದ್ದು. ವೈರು ಸಿಕ್ಕಿಸಿದೆ. ಉತ್ತರ ಬಂತು. ಕಾಪಿ ಶುರು ಮಾಡಿದೆ.

ಅರ್ಧ ಆಗುವಷ್ಟರಲ್ಲಿ ಗುಡುಗು ಮನೆಯ ಮೇಲೇ ಬಂತು. ಕಿಟಕಿಯ ಗಾಜು ನಡುಗಿತು. ನನ್ನ ಕೈ ತಾನಾಗಿ ವೈರಿನ ಕಡೆ ಹೋಯಿತು. ಕಿತ್ತು ಕಾಯುವ ಅಂದರೆ ಡಿಸ್ಕ್ ಕಾಯುವುದಿಲ್ಲ; ಬಿಟ್ಟರೆ ಸಿಡಿಲು ಎಲ್ಲವನ್ನೂ ಸುಡಬಹುದು. ಕರೆಂಟು ಹೋದರಂತೂ ಮುಗಿಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

“ತೆಗಿಬೇಡ. ಹೋಗ್ತಾ ಇರ್ಲಿ,” ಎಂದರು ದೊಡ್ಡಮ್ಮ. ಪಕ್ಕಕ್ಕೆ ಕುರ್ಚಿ ಎಳೆದು ಕಣ್ಣು ಮುಚ್ಚಿ ಕೂತರು.

“ಬಂತು, ಎಲ್ಲ ಬಂತು” ಎಂದು ನಾನು ಹೇಳಿದ್ದೇ ತಡ, ದೊಡ್ಡಮ್ಮ ಎದ್ದು ಹೋಗಿ ಮನೆಯ ಮೈನ್ ಸ್ವಿಚ್ಚನ್ನೇ ಆಫ್ ಮಾಡಿದರು. ಡಿಸ್ಕ್ ನಿಂತಿತು. ಅದು ಮತ್ತೆ ತಿರುಗಲಿಲ್ಲ.

ಲ್ಯಾಪ್‌ಟಾಪಿನ ಬೆಳಕಿಗೆ ಬಗ್ಗಿ ತಮ್ಮ ಅಕ್ಷರಗಳನ್ನು ಒಂದೊಂದಾಗಿ ನೋಡಿದರು. ‘ಳ’ ಬಂದಾಗ ಮುಖ ಸಿಂಡರಿಸಿದರು. ಪ್ರೆಸ್ಸು ಬಿಟ್ಟ ಮೇಲೆ ಅವರು ಒಂದು ಗೆರೆ ಎಳೆದದ್ದನ್ನೂ ನಾನು ಕಂಡಿರಲಿಲ್ಲ.

“ಛೆ, ಇದರ ಹೊಟ್ಟೆ ದಪ್ಪ ಆಯ್ತು,” ಎಂದರು. “ಒಂದು ಪೆನ್ಸಿಲ್ ಉಂಟಾ ನೋಡು.”